ಐದು ಶಾಲೆ, ಐದು ವೆಬ್‌ಸೈಟ್, ಬರಹ ಮಾತ್ರ ಒಂದೇ: ಹೇಗೆ ನಿಭಾಯಿಸುವುದು?

ಪ್ರಶ್ನೆ: ಸರ್, ನಮ್ಮ ಟ್ರಸ್ಟ್‌ಗೆ ಮಡಿಕೇರಿ, ಮಂಗಳೂರು, ಹಾಸನ ಅಂತ ಐದು ಕಡೆ ಶಾಲೆಗಳಿವೆ. ಐದಕ್ಕೂ ಬೇರೆ ಬೇರೆ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಸೈಟ್. ಪ್ರವೇಶ ನಿಯಮ, ಸಮವಸ್ತ್ರ ಎಲ್ಲ ಕಡೆ ಒಂದೇ. ಬಸ್ ರೂಟು, ರಜೆ ಪಟ್ಟಿ ಬೇರೆ. ಇಲ್ಲಿವರೆಗೆ ನಾನೇ ಕಾಪಿ ಪೇಸ್ಟ್ ಮಾಡುತ್ತಿದ್ದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ರಾಜ್ಯ ಪಠ್ಯಕ್ರಮದ ಒಂದನೇ ತರಗತಿಗೆ ಸೇರುವ ಕನಿಷ್ಠ ವಯಸ್ಸು 6 ವರ್ಷ ಇದ್ದದ್ದನ್ನು ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತಲ್ವಾ, ಆಗ ನಾಲ್ಕು ಸೈಟಿನಲ್ಲಿ ಬದಲಿಸಿ ಒಂದರಲ್ಲಿ ಮರೆತೆ. ಒಬ್ಬ ತಾಯಿ ಹಳೇ ನಿಯಮ ಓದಿ ಅರ್ಜಿಯನ್ನೇ ಹಾಕಲಿಲ್ಲ. ತುಂಬಾ ಬೇಜಾರಾಯಿತು. ದಾರಿ ಹೇಳಿ.

ಉತ್ತರ: ಮೇಡಂ, ತಪ್ಪು ನಿಮ್ಮ ಮರೆವಿನದ್ದಲ್ಲ. ಒಂದೇ ಮಾತು ಐದು ಜಾಗದಲ್ಲಿ ಬರೆದಿಟ್ಟರೆ ಒಂದಲ್ಲ ಒಂದು ದಿನ ಹೀಗಾಗುತ್ತದೆ. ವರ್ಡ್‌ಪ್ರೆಸ್‌ನಲ್ಲೇ 2010ರಿಂದ ಮಲ್ಟಿಸೈಟ್ ಎನ್ನುವ ಸೌಲಭ್ಯ ಇದೆ. ಒಂದೇ ಸಲ ವರ್ಡ್‌ಪ್ರೆಸ್ ಹಾಕಿದರೆ ಐದೂ ಸೈಟ್ ಅದರಲ್ಲೇ ನಡೆಯುತ್ತವೆ, ಥೀಮ್ (ಸೈಟಿನ ವಿನ್ಯಾಸ), ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಚಿಕ್ಕ ತಂತ್ರಾಂಶ), ಲಾಗಿನ್ ಎಲ್ಲ ಒಂದೇ, ಡೊಮೇನ್ ಹೆಸರು ಮಾತ್ರ ಈಗಿರುವುದೇ ಇಟ್ಟುಕೊಳ್ಳಬಹುದು.

ಆದರೆ ಒಂದು ವಿಷಯ ಗಮನಿಸಿ. ಮಲ್ಟಿಸೈಟ್ ಹಾಕಿದ ಮಾತ್ರಕ್ಕೆ ಪುಟಗಳು ಹಂಚಿಕೆಯಾಗುವುದಿಲ್ಲ. ಪ್ರತಿ ಸೈಟಿನ ಪೋಸ್ಟ್‌ಗಳೂ ಫೋಟೋಗಳೂ ಬೇರೆಯೇ ಇರುತ್ತವೆ, ಒಂದು ಕಡೆ ತಿದ್ದಿದರೆ ಎಲ್ಲ ಪುಟದಲ್ಲೂ ಬದಲಾಗುವ ಸಿಂಕ್ಡ್ ಪ್ಯಾಟರ್ನ್ ಕೂಡ ಆಯಾ ಸೈಟಿನೊಳಗೇ. ಹಾಗಾಗಿ ಒಂದು ಸೈಟನ್ನು ಮುಖ್ಯ ಸೈಟ್ ಮಾಡಿಕೊಂಡು, ಎಲ್ಲ ಶಾಲೆಗೂ ಒಂದೇ ಇರುವ ಸಾಮಾನ್ಯ ಪುಟಗಳನ್ನು ಅಲ್ಲಿ ಮಾತ್ರ ಬರೆಯಿರಿ. ಉಳಿದವು ಅಲ್ಲಿಂದ ಓದಿ ತೋರಿಸಲಿ. ಬೇರೆ ಸೈಟಿನ ಮಾಹಿತಿ ಓದಲು ವರ್ಡ್‌ಪ್ರೆಸ್‌ನಲ್ಲೇ ಇರುವ ಸ್ವಿಚ್ ಟು ಬ್ಲಾಗ್ ಎನ್ನುವ ಫಂಕ್ಷನ್ ಬಳಸಿ ನಿಮ್ಮ ಡೆವಲಪರ್ ಚಿಕ್ಕ ಪ್ಲಗಿನ್ ಬರೆದರೆ ಸಾಕು, ಕೆಲಸ ಮುಗಿದ ಮೇಲೆ ಮೊದಲಿನ ಸೈಟಿಗೆ ವಾಪಸ್ ಬರುವ ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳಲಿ, ಇಲ್ಲದಿದ್ದರೆ ಪುಟದ ಉಳಿದ ಭಾಗದಲ್ಲಿ ಬೇರೆ ಶಾಲೆಯ ಮಾಹಿತಿ ಬಂದುಬಿಡುತ್ತದೆ.

ಪ್ರಶ್ನೆ: ಮಂಗಳೂರಿನವರು ಮಳೆಗಾಲಕ್ಕೆ ಶೂ ಬದಲು ಚಪ್ಪಲಿ ಅಂತ ಸಮವಸ್ತ್ರದ ಪುಟದಲ್ಲೇ ಸೇರಿಸಬೇಕು ಎನ್ನುತ್ತಾರೆ. ಅವರಿಗೆ ಎಡಿಟ್ ಕೊಡಲಾ?

ಉತ್ತರ: ಮೂಲ ಪಠ್ಯಕ್ಕೆ ಖಂಡಿತ ಕೊಡಬೇಡಿ. ಕೊಟ್ಟರೆ ಮಂಗಳೂರಿನ ಚಪ್ಪಲಿ ಐದೂ ಸೈಟಿನಲ್ಲಿ ಕಾಣುತ್ತದೆ. ಪ್ರತಿ ಸಾಮಾನ್ಯ ಪುಟದ ಕೆಳಗೆ ‘ನಮ್ಮ ಶಾಲೆಯಲ್ಲಿ’ ಅಂತ ಒಂದು ಖಾಲಿ ಜಾಗ ಬಿಡಿ. ಅವರು ಬರೆದರೆ ಕಾಣಲಿ, ಇಲ್ಲದಿದ್ದರೆ ಬೇಡ. ರಜೆಗೂ ಹೀಗೇ: ರಾಜ್ಯದ ಪಟ್ಟಿ ಮುಖ್ಯ ಸೈಟಿನಿಂದ ಬರಲಿ, ಕೈಲ್ ಮುಹೂರ್ತ, ಹುತ್ತರಿಯಂಥ ಕೊಡಗಿನ ಹಬ್ಬಗಳನ್ನು ಮಡಿಕೇರಿಯವರೇ ಸೇರಿಸಲಿ. ಊರಿನ ವಿಷಯ ಊರಿನವರಿಗೇ ಚೆನ್ನಾಗಿ ಗೊತ್ತು, ಅದನ್ನು ಕಿತ್ತುಕೊಳ್ಳಬಾರದು.

ಪ್ರಶ್ನೆ: ಒಂದೇ ಪಠ್ಯ ಐದು ಕಡೆ ಇದ್ದರೆ ಗೂಗಲ್‌ನಲ್ಲಿ ತೊಂದರೆಯಾ?

ಉತ್ತರ: ಅದಕ್ಕೆ ಶಿಕ್ಷೆ ಅಂತೇನಿಲ್ಲ, ಗೂಗಲ್ ಒಂದನ್ನು ಆರಿಸಿ ತೋರಿಸುತ್ತದೆ. ಅಕ್ಷರಶಃ ಒಂದೇ ಇರುವ ಪುಟಗಳಿಗೆ ಮುಖ್ಯ ಸೈಟಿನ ವಿಳಾಸವನ್ನು ಕೆನಾನಿಕಲ್ ಟ್ಯಾಗ್‌ನಲ್ಲಿ (ಮೂಲ ಪುಟ ಯಾವುದು ಎಂದು ಗೂಗಲ್‌ಗೆ ಹೇಳುವ ಗುರುತು) ಕೊಡಿ. ಊರಿನ ವಿಷಯ ಜಾಸ್ತಿ ಇರುವ ಪುಟಕ್ಕೆ ಕೊಡಬೇಡಿ, ಅದು ಆ ಊರಿನ ಪೋಷಕರಿಗೆ ಸಿಗಲೇಬೇಕು. ಮೊದಲು ಪ್ರವೇಶ ನಿಯಮದ ಪುಟ ಒಂದನ್ನೇ ಹೀಗೆ ಮಾಡಿ ನೋಡಿ ಮೇಡಂ.