ಫಲಿತಾಂಶದಲ್ಲಿ 'ಗೈರು' ಬಂದರೆ ಯಾರನ್ನು ಹಿಡಿಯುವುದು?

ಪ್ರಶ್ನೆ: ಸರಕಾರಿ ವಿವಿಯ ಡಿಗ್ರಿ. ಬರೆದ ಪೇಪರಿಗೇ ಗೈರು, ಇನ್ನೊಂದರಲ್ಲಿ ಅಂಕ ತೀರಾ ಕಡಿಮೆ. ಕಾಲೇಜಿನವರು ವಿವಿ ಕಡೆ ಕೈ ತೋರಿಸುತ್ತಾರೆ, ವಿವಿಯವರು ಕಾಲೇಜಿನ ಕಡೆ. ಮರುಮೌಲ್ಯಮಾಪನಕ್ಕೆ ಹಾಕಲಾ?

ಉತ್ತರ 1: ಎರಡೂ ಬೇರೆ ಬೇರೆ ಕಾಯಿಲೆ ಮಾರಾಯ್ರೆ. ಗೈರಿಗೆ ಮರುಮೌಲ್ಯಮಾಪನದ ದುಡ್ಡು ಕಟ್ಟಬೇಡಿ, ಸುಮ್ಮನೆ ವ್ಯರ್ಥ. ಹೆಚ್ಚಾಗಿ ನೋಂದಣಿ ಸಂಖ್ಯೆಯ ಒಂದಂಕಿ ತಪ್ಪಿರುತ್ತದೆ. ಪರೀಕ್ಷಾ ಕೊಠಡಿಯ ಹಾಜರಿ ಹಾಳೆಯಲ್ಲಿ ನಿಮ್ಮ ಸಹಿ ಇರುತ್ತದಲ್ಲ, ಅದರ ದೃಢೀಕೃತ ಪ್ರತಿ, ಹಾಲ್ ಟಿಕೆಟ್, ಪ್ರಾಂಶುಪಾಲರ ಪತ್ರ, ಈ ಮೂರೂ ಕೈಗೆ ಬಂದ ಮೇಲೆಯೇ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ವಿವಿಗೆ ಹೋಗುವ ಬಸ್ ಹತ್ತಿ. ಅರ್ಜಿಯನ್ನು ಪರೀಕ್ಷಾಂಗ ಕುಲಸಚಿವರ (ವಿವಿಯಲ್ಲಿ ಪರೀಕ್ಷೆ ನೋಡಿಕೊಳ್ಳುವ ಅಧಿಕಾರಿ) ಹೆಸರಿಗೆ ಬರೆದು, ನಿಮ್ಮ ಪ್ರತಿಯ ಮೇಲೆ ತಾರೀಕಿನ ಸೀಲು ಹಾಕಿಸಿ. ಸೀಲಿಲ್ಲದ ಅರ್ಜಿ ಕಳೆದುಹೋದರೆ ಕೇಳುವವರಿಲ್ಲ.

ಉತ್ತರ 2: ಅಂಕ ಕಡಿಮೆಯಾದದ್ದಕ್ಕೆ ಮೊದಲು ಉತ್ತರಪತ್ರಿಕೆಯ ನಕಲು ತೆಗೆಸಿ. ಒಳಗಿನ ಅಂಕ ಕೂಡಿಸಿ ಮುಖಪುಟದ ಒಟ್ಟಿಗೆ ತಾಳೆ ನೋಡಿ. ಕೂಡಿದ್ದೇ ತಪ್ಪಿದ್ದರೆ ಮರುಎಣಿಕೆ ಸಾಕು. ಕೊನೆಯ ಪುಟಗಳಲ್ಲಿ ಕೆಂಪು ಗೀಟೇ ಇಲ್ಲದಿದ್ದರೆ ಮಾತ್ರ ಮರುಮೌಲ್ಯಮಾಪನ.

ಉತ್ತರ 3: ನಕಲು ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ತನ್ನ ಉತ್ತರಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಉತ್ತರಕ್ಕೆ 30 ದಿನದ ಅವಕಾಶವಿದೆ. ಅಷ್ಟರಲ್ಲಿ ಮರುಮೌಲ್ಯಮಾಪನದ ಗಡುವು ಮುಗಿದೀತು, ಆ ಅರ್ಜಿಯನ್ನೂ ಜೊತೆಗೇ ಹಾಕಿಡಿ.