ರಘು, ಆ ಕಾರು ನಾಳೆ ಘಾಟ್ ಇಳಿಯೋದು ಬೇಡ

ರಘು, ನಿನ್ನ ಮೆಸೇಜು ಎರಡು ಸಲ ಕೇಳಿಸ್ಕೊಂಡೆ ಕಣೋ. ಮುಂದಿನ ಎರಡೂ ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡನ್ನ ಒತ್ತಿ ಹಿಡಿಯೋ ಭಾಗ) ಹೊಸದು, ಪ್ಯಾಡ್ ಹೊಸದು, ಬ್ರೇಕ್ ಆಯಿಲ್ ಹೊಸದು, ಬ್ರೇಕ್ ಪೈಪಿನೊಳಗಿನ ಗಾಳಿ, ಅಂದ್ರೆ ಏರ್, ಮೂರು ಸಲ ತೆಗೆದಿದಾರೆ. ಆದ್ರೂ ಪೆಡಲ್ ಮೆತ್ತಗೆ ತಳದವರೆಗೂ ಹೋಗುತ್ತೆ, ಎರಡ್ಮೂರು ಸಲ ತುಳಿದ್ರೆ ಹಿಡಿಯುತ್ತೆ. ಮೆಕ್ಯಾನಿಕ್ಕು "ಇನ್ನೂರು ಕಿಲೋಮೀಟರ್ ಓಡ್ಸಿ, ಸೆಟ್ ಆಗುತ್ತೆ" ಅಂದಿದಾನೆ. ನಾಳೆ ಬೆಳಿಗ್ಗೆ ಅಣ್ಣ ಅತ್ತಿಗೆನ ಕರ್ಕೊಂಡು ಧರ್ಮಸ್ಥಳಕ್ಕೆ ಹೊರಡ್ತಿದೀಯ. ಇಷ್ಟೇ ತಾನೆ?

ಕಾರು ತೆಗೀಬೇಡ. ಶಿರಾಡಿ ಘಾಟ್ ಹಾಗಿರ್ಲಿ, ಗ್ಯಾರೇಜಿಗೂ ಓಡಿಸ್ಕೊಂಡು ಹೋಗ್ಬೇಡ. ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೊಳ್ಳೋಕೆ ಸ್ವಲ್ಪ ಓಡ್ಬೇಕು, ಅದು ನಿಜ. ಅಲ್ಲೀವರೆಗೆ ಹಿಡಿತ ತುಸು ಕಮ್ಮಿ ಇರಬಹುದು. ಆದ್ರೆ ಪೆಡಲ್ ತಳ ಮುಟ್ಟೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆಯಿಲ್ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪಲ್ಲಿ ಗಾಳಿ ಉಳಿದಿದ್ರೆ ನೀನು ತುಳಿಯೋ ತುಳಿತ ಪ್ಯಾಡಿಗೆ ಹೋಗೋ ಬದಲು ಆ ಗಾಳಿ ಕುಗ್ಗಿಸೋದಕ್ಕೇ ಖರ್ಚಾಗುತ್ತೆ. ಅದು ಓಡಿಸಿದ್ರೆ ಹೋಗೋ ಗಾಳಿ ಅಲ್ಲ.

ಈಗ ನಿಲ್ಲಿಸಿರೋ ಜಾಗದಲ್ಲೇ ಒಂದು ಪರೀಕ್ಷೆ ಮಾಡು. ಇಂಜಿನ್ ಆಫ್ ಇರ್ಲಿ, ಪೆಡಲ್ ಐದಾರು ಸಲ ತುಳಿ. ಆಮೇಲೆ ಕಾಲು ಹಾಗೇ ಒತ್ತಿಟ್ಕೊಂಡು ಮೂವತ್ತು ಎಣಿಸು. ಪೆಡಲ್ ಗಟ್ಟಿಯಾಗಿ ನಿಂತ್ರೆ ಒಳಗೆ ಗಾಳಿ ಇದೆ ಅಂತ ಇಟ್ಕೋ. ಮೆಲ್ಲಗೆ ಇಳೀತಾ ಹೋದ್ರೆ ಒಂದೋ ಎಲ್ಲೋ ಆಯಿಲ್ ಸೋರ್ತಿದೆ, ಇಲ್ಲಾ ಪೆಡಲ್ ತುಳಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಆಗ ನಾಲ್ಕೂ ಚಕ್ರದ ಒಳಮಗ್ಗುಲು ಒದ್ದೆ ಇದ್ಯಾ ನೋಡು, ಬಾನೆಟ್ ಒಳಗಿನ ಡಬ್ಬೀಲಿ ಆಯಿಲ್ ಇಳಿದಿದ್ಯಾ ನೋಡು. ಕಾಲು ಒತ್ತಿರೋವಾಗ್ಲೇ ಇಂಜಿನ್ ಸ್ಟಾರ್ಟ್ ಮಾಡಿದ್ರೆ ಪೆಡಲ್ ಒಂಚೂರು ಇಳಿಯುತ್ತೆ. ಅದು ಬೂಸ್ಟರ್, ಅಂದ್ರೆ ತುಳಿತಕ್ಕೆ ಬಲ ಕೊಡೋ ಭಾಗದ ಕೆಲಸ, ಅದಕ್ಕೆ ಗಾಬರಿ ಬೀಳ್ಬೇಡ.

ಮೂರು ಸಲ ಏರ್ ತೆಗೆದ್ರೂ ಹೋಗ್ಲಿಲ್ಲ ಅಂದ್ಯಲ್ಲ, ನನಗೆ ಅನುಮಾನ ಎಡ ಬಲದ ಕ್ಯಾಲಿಪರ್ ಅದಲು ಬದಲಾಗಿದೆ ಅಂತ. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡು. ಕ್ಯಾಲಿಪರ್ ಬೆನ್ನಲ್ಲಿ ರಬ್ಬರ್ ಟೊಪ್ಪಿ ಹಾಕಿರೋ, ಬೆರಳುದ್ದವೂ ಇಲ್ಲದ ಒಂದು ನಿಪ್ಪಲ್ ಇರುತ್ತೆ. ಅದು ಕ್ಯಾಲಿಪರಿನ ಮೇಲ್ಭಾಗದಲ್ಲಿ, ಬ್ರೇಕ್ ಹೋಸ್ (ಆಯಿಲ್ ತರೋ ರಬ್ಬರ್ ಪೈಪು) ಸೇರೋ ಜಾಗಕ್ಕಿಂತ ಮೇಲೆ ಇರ್ಬೇಕು. ಕೆಳಗಿದ್ರೆ ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ ಹೋಗಿದೆ. ಎಷ್ಟೋ ಕಾರಲ್ಲಿ ಬೋಲ್ಟ್ ತೂತು ಎರಡಕ್ಕೂ ಒಂದೇ ಥರ, ಅದಲು ಬದಲಾದ್ರೂ ಆರಾಮಾಗಿ ಕೂತ್ಕೊಳ್ಳುತ್ತೆ. ಏರ್ ತೆಗೆಯೋದು ಆ ನಿಪ್ಪಲಿಂದಲೇ; ಗಾಳಿ ಮೇಲೇರುತ್ತೆ, ನಿಪ್ಪಲ್ ಕೆಳಗಿದ್ರೆ ಅಲ್ಲಿಂದ ಬರೋದು ಬರೀ ಆಯಿಲ್. ಗುಳ್ಳೆ ಬರ್ತಿಲ್ಲ, ಏರ್ ಹೋಯ್ತು ಅಂತ ಮೆಕ್ಯಾನಿಕ್ಕು ಅಂದ್ಕೋತಾನೆ. ಹತ್ತು ಸಲ ತೆಗೆದ್ರೂ ಅಷ್ಟೇ.

ಅದೇ ಆಗಿದ್ರೆ ಎರಡೂ ಬಿಚ್ಚಿ ಅವವುಗಳ ಜಾಗಕ್ಕೆ ಹಾಕ್ಬೇಕು. ಹೋಸ್ ಬೋಲ್ಟಿನ ಎರಡೂ ಮಗ್ಗುಲಿಗೆ ಒಂದೊಂದು ತಾಮ್ರದ ವಾಷರ್ ಬರುತ್ತೆ, ಎರಡು ಚಕ್ರಕ್ಕೆ ನಾಲ್ಕು. ಹೊಸದೇ ಹಾಕ್ಸು. ಹಳೇದು ಒಂದು ಸಲ ಚಪ್ಪಟೆಯಾದ್ಮೇಲೆ ಸೋರುತ್ತೆ. ಬಿಚ್ಚಿದಾಗ ಕ್ಯಾಲಿಪರನ್ನ ಹೋಸ್ ಮೇಲೆ ನೇತಾಡೋಕೆ ಬಿಡ್ಬಾರ್ದು, ತಂತಿ ಕಟ್ಟಿ ನಿಲ್ಲಿಸ್ಲಿ. ಏರ್ ತೆಗೆಯೋವಾಗ ನಿಪ್ಪಲ್ ಬಿಗಿ ಮಾಡಿದ್ಮೇಲೇ ಪೆಡಲ್ ಬಿಡ್ಬೇಕು, ಇಲ್ಲಾಂದ್ರೆ ಹೋದ ಗಾಳಿ ವಾಪಸ್ ಬರುತ್ತೆ. ಡಬ್ಬೀಲಿ ಆಯಿಲ್ ಪೂರ್ತಿ ಖಾಲಿ ಆಗಿತ್ತಾ ಅಂತ್ಲೂ ಕೇಳು. ಆಗಿದ್ರೆ ಎಬಿಎಸ್ (ಚಕ್ರ ಲಾಕಾಗದ ಹಾಗೆ ತಡೆಯೋ ವ್ಯವಸ್ಥೆ) ಯೂನಿಟ್ ಒಳಗೆ ಗಾಳಿ ಸೇರಿರಬಹುದು, ಅದಕ್ಕೆ ಸ್ಕ್ಯಾನರ್ ಹಾಕಿ ತೆಗೆಯೋರು ಬೇಕಾಗ್ತಾರೆ.

ಮೊದಲೇ ಸೀಲ್ ಒಡೆದಿಟ್ಟ ಬಾಟ್ಲಿಂದ ಆಯಿಲ್ ಹಾಕ್ಬಾರ್ದು. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿಗಿಂತ ಮೊದಲು ಕುದಿಯಲ್ಲ, ತೇವ ಹೀರ್ಕೊಂಡ್ಮೇಲೆ 155ಕ್ಕೆ ಇಳಿದಿರಬಹುದು. ಘಾಟಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಅಷ್ಟು ಬಿಸಿ ದೊಡ್ಡ ಮಾತಲ್ಲ; ಕುದ್ರೆ ಆವಿ ಗುಳ್ಳೆ ಎದ್ದು ಪೆಡಲ್ ಮತ್ತೆ ತಳಕ್ಕೆ ಹೋಗುತ್ತೆ.

ಇನ್ಶೂರೆನ್ಸಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ರೆ ಕಾರನ್ನ ಮೇಲೆ ಹೇರ್ಕೊಂಡು ಗ್ಯಾರೇಜಿಗೆ ಒಯ್ಯೋ ಫ್ಲಾಟ್‌ಬೆಡ್ ಲಾರಿ ಕರ್ಸು. ಗ್ಯಾರೇಜಿನವರು ಬರೆಯೋ ಜಾಬ್ ಕಾರ್ಡಲ್ಲಿ "ರಿಪೇರಿ ನಂತರವೂ ಬ್ರೇಕ್ ಪೆಡಲ್ ತಳಕ್ಕೆ ಹೋಗುತ್ತಿದೆ" ಅಂತ ಬರೆಸಿ, ತಾರೀಖು ಹಾಕ್ಸಿ ಸಹಿ ತಗೋ. ಬಿಲ್ಲು ಇಟ್ಕೋ. ಮತ್ತೆ ಲೇಬರ್ ಚಾರ್ಜ್ ಕೇಳಿದ್ರೆ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ ಅದು.

ಗ್ರೂಪಲ್ಲಿರೋ ಉಳಿದವರೂ ಕೇಳಿಸ್ಕೊಳ್ಳಿ. ಓಡ್ತಿರೋವಾಗ ಬ್ರೇಕ್ ಹೋದ್ರೆ ಪಟಪಟ ಪೆಡಲ್ ತುಳೀರಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿ ಹಿಡ್ಕೊಂಡೇ ನಿಧಾನ ಎಳೀರಿ. ಒಂದೇ ಸಲ ಎಳೆದ್ರೆ ಹಿಂದಿನ ಚಕ್ರ ಲಾಕಾಗಿ ಕಾರು ತಿರುಗುತ್ತೆ. ಇಂಜಿನ್ ಮಾತ್ರ ಆಫ್ ಮಾಡ್ಬೇಡಿ.

ಅತ್ತಿಗೇ, ನಾಳೆ ಕೆಎಸ್ಆರ್‌ಟಿಸಿಲಿ ಹೋಗ್ಬಿಡಿ. ರಘು, ಎರಡೂ ಕಡೆ ನಿಪ್ಪಲ್ ಫೋಟೋ ತೆಗೆದು ಇಲ್ಲೇ ಹಾಕು, ಹೋಸ್ ಕೂಡಾ ಕಾಣೋ ಹಾಗೆ.