ಹೇಮಾವತಿಗೆ ಸ್ವಾಟ್ ಮಾಡೆಲ್: ಜುಲೈಲಿ ನೀರು ಕಮ್ಮಿ, ಮಾರ್ಚಲ್ಲಿ ಜಾಸ್ತಿ ತೋರಿಸ್ತಿದೆ, ಏನ್ ಮಾಡ್ಲಿ?

ಹೊಳೆಸಾಲು_ಹಾಸನ:

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಎಂಟೆಕ್ ಮಾಡ್ತಿದೀನಿ, ಪ್ರಾಜೆಕ್ಟ್‌ಗೆ ಹೇಮಾವತಿ ಮೇಲ್ಭಾಗ ತಗೊಂಡಿದೀನಿ, ಅಂದ್ರೆ ಮೂಡಿಗೆರೆ ತಾಲ್ಲೂಕಲ್ಲಿ ಹುಟ್ಟೋ ಜಾಗದಿಂದ ಸಕಲೇಶಪುರದಲ್ಲಿ ಹೊಳೆ ನೀರು ಅಳೆಯೋ ಗೇಜ್‌ವರೆಗೆ ಮಾತ್ರ, ಗೊರೂರು ಡ್ಯಾಮ್ ಅದಕ್ಕಿಂತ ಕೆಳಗಿರೋದ್ರಿಂದ ಗೇಟ್ ತೆಗೆಯೋದು ಮುಚ್ಚೋದು ಅನ್ನೋ ತಲೆನೋವು ಇರಲ್ಲ ಅಂತ. ಮಾಡೆಲ್ ಸ್ವಾಟ್, ಅಂದ್ರೆ ಮಳೆ, ಮಣ್ಣು, ಬೆಳೆ ಲೆಕ್ಕ ಕೊಟ್ರೆ ಹೊಳೆಲಿ ದಿನಾ ಎಷ್ಟು ನೀರು ಹರಿಯುತ್ತೆ ಅಂತ ಹೇಳೋ ಸಾಫ್ಟ್‌ವೇರ್, ಮ್ಯಾಪ್ ಕೆಲಸ ಎಲ್ಲ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ. ಮಳೆಗೆ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ (ನಕ್ಷೆನ ಚೌಕ ಚೌಕ ಮಾಡಿ ಚೌಕಕ್ಕೊಂದು ಮಳೆ ಕೊಡೋದು) ಹಾಕಿದೀನಿ, ನೆಲದ ಎತ್ತರಕ್ಕೆ ಬಾಹ್ಯಾಕಾಶದಿಂದ ಅಳೆದ ಎಸ್‌ಆರ್‌ಟಿಎಂ ಡೇಟಾ, 30 ಮೀಟರ್ ಚೌಕದ್ದು.

ಸಮಸ್ಯೆ ಏನಂದ್ರೆ ಜುಲೈ ಆಗಸ್ಟಲ್ಲಿ ಹೊಳೆ ತುಂಬಿ ಹರಿಯೋ ದಿನಗಳಲ್ಲಿ ಮಾಡೆಲ್ ಗೇಜ್‌ಗಿಂತ ತುಂಬಾ ಕಮ್ಮಿ ತೋರಿಸುತ್ತೆ, ಫೆಬ್ರವರಿ ಮಾರ್ಚಲ್ಲಿ ನೋಡಿದ್ರೆ ಉಲ್ಟಾ, ಗೇಜಲ್ಲಿ ನೀರೇ ಇಲ್ಲ ಅನ್ನೋ ಹಾಗಿದ್ರೂ ಇದು ಆರಾಮಾಗಿ ಹರಿಸ್ತಿರುತ್ತೆ. ಗೈಡ್ ಸರ್ ಹೇಳಿದ್ರು ಕರ್ವ್ ನಂಬರ್ (ಬಿದ್ದ ಮಳೆಲಿ ಎಷ್ಟು ಇಂಗದೆ ಮೇಲೇ ಹರಿದುಹೋಗುತ್ತೆ ಅಂತ ಹೇಳೋ ಅಂಕಿ, 100ರ ಹತ್ರ ಹೋದಷ್ಟೂ ಹರಿವು ಜಾಸ್ತಿ) ಎತ್ತು ಸರಿಹೋಗುತ್ತೆ ಅಂತ. ಎತ್ತಿದೆ, 70 ಇದ್ದಿದ್ದನ್ನ 85 ಹತ್ರ ತಂದೆ, ಗ್ರಾಫಲ್ಲಿ ಎರಡೂ ಕಡೆ ಸರಿಹೋದಂಗೆ ಕಾಣ್ತು, ನ್ಯಾಶ್ ಸಟ್‌ಕ್ಲಿಫ್ ನಂಬರೂ (ಮಾಡೆಲ್ ಗೇಜ್‌ಗೆ ಎಷ್ಟು ಹೊಂದುತ್ತೆ ಅನ್ನೋ ಅಂಕಿ, 1 ಅಂದ್ರೆ ಪೂರ್ತಿ ಸರಿ) ಚೆನ್ನಾಗಿ ಬಂತು. ಆದ್ರೆ ಮನಸ್ಸು ಒಪ್ತಿಲ್ಲ, ಅದು ಪೂರ್ತಿ ಕಾಫಿ ತೋಟ, ಕಾಡು, ಗದ್ದೆ ಇರೋ ಜಾಗ, ಅಲ್ಲಿಗೆ 85 ಅಂದ್ರೆ ಹೆಂಗೆ? ಪ್ರಾಜೆಕ್ಟಿನ ಎರಡನೇ ಭಾಗದಲ್ಲಿ ಬೇಸಿಗೆ ನೀರಿನ ಗುಣಮಟ್ಟ, ಆಕ್ಸಿಜನ್ ಇದೆಲ್ಲ ಮಾಡೋದಿದೆ, ಬುಡವೇ ತಪ್ಪಿದ್ರೆ ಮುಂದೆ ಕಷ್ಟ. ಗೊತ್ತಿರೋರು ಹೇಳಿ ಪ್ಲೀಸ್.

ಬೇಲೂರಿನವ:

ನಿಮ್ಮ ಮನಸ್ಸು ಒಪ್ಪದೇ ಇರೋದು ಸರಿಯಾಗೇ ಇದೆ. ಕರ್ವ್ ನಂಬರ್ ಪಟ್ಟಿ ತೆಗೆದು ನೋಡಿ, 85 ಬರೋದು ಸಾಲು ಹೊಡೆದು ಉತ್ತ ಹೊಲಕ್ಕೆ, ಅದೂ ನೀರು ಇಂಗೋದು ನಿಧಾನ ಇರೋ ಮಣ್ಣಲ್ಲಿ. ಅದೇ ಮಣ್ಣಲ್ಲಿ ಒಳ್ಳೆ ಕಾಡಿಗೆ 70. ನೀವು ಹೆಚ್ಚುಕಮ್ಮಿ ಮೂಡಿಗೆರೆ ತೋಟಗಳನ್ನೆಲ್ಲ ಕಡಿಸಿ ಉಳುಮೆ ಮಾಡಿಸ್ಬಿಟ್ರಿ 😄

ಮತ್ತೆ ಎರಡೂ ಕಡೆ ಸರಿಹೋಗಿದ್ದು ಯಾಕೆ ಅಂದ್ರೆ, ಕರ್ವ್ ನಂಬರ್ ಎತ್ತಿದ್ರೆ ಮಳೆ ನೀರು ಮೇಲಿಂದಲೇ ಹರಿದು ಹೋಗುತ್ತೆ, ಜುಲೈ ಪೀಕ್ ಏರುತ್ತೆ, ಇಂಗೋದು ಕಮ್ಮಿ ಆಗುತ್ತೆ, ಇಂಗಿದ್ದು ಕಮ್ಮಿ ಆದ್ಮೇಲೆ ಮಾರ್ಚಲ್ಲಿ ಒಸರೋ ನೀರೂ ಕಮ್ಮಿ. ಒಂದೇ ಕೀಲಿ ತಿರುಗಿಸಿದ್ರೆ ಎರಡು ಬೇರೆ ಬೇರೆ ತಪ್ಪು ಒಟ್ಟಿಗೆ ಮುಚ್ಚಿಹೋಗುತ್ತೆ. ನನಗೆ ಕಾಣೋ ಹಾಗೆ ಜುಲೈ ತಪ್ಪಿಗೆ ಕಾರಣ ಮಳೆ ಡೇಟಾ, ಮಾರ್ಚ್ ತಪ್ಪಿಗೆ ಕಾರಣ ಬೇರೆನೇ, ಅದನ್ನ ತೋಟದವರು ಯಾರಾದ್ರೂ ಹೇಳ್ಬೇಕು.

ಮಳೆದು ಹೇಳ್ತೀನಿ. 0.25 ಡಿಗ್ರಿ ಅಂದ್ರೆ ಒಂದು ಡಬ್ಬಿ ಸುಮಾರು 27 ಕಿಮೀ ಉದ್ದ 27 ಕಿಮೀ ಅಗಲ. ಘಟ್ಟದಂಚಲ್ಲಿ 27 ಕಿಮೀ ಅಂದ್ರೆ ಬೇರೆ ಲೋಕನೇ ಕಣ್ರೀ, ಕೊಟ್ಟಿಗೆಹಾರದಲ್ಲಿ ಒಂದೇ ಸಮ ಹೊಯ್ತಿರುತ್ತೆ, ಅದೇ ಹೊತ್ತಲ್ಲಿ ನಮ್ಮ ಬೇಲೂರಲ್ಲಿ ಜಿಟಿಜಿಟಿ, ಜಾವಗಲ್ ಕಡೆ ರಸ್ತೆ ಒಣಗಿರುತ್ತೆ. ಒಂದು ಡಬ್ಬಿ ಒಳಗಿನ ಇಂಥ ವ್ಯತ್ಯಾಸನೆಲ್ಲ ಗ್ರಿಡ್ ಕಲಸಿ ಒಂದು ಸರಾಸರಿ ಮಾಡಿಬಿಡುತ್ತೆ. ಸರಾಸರಿ ಆದ್ರೆ ಒಟ್ಟು ನೀರು ಅಷ್ಟೇ ತಾನೆ ಅನ್ಬೋದು, ಅಲ್ಲ, ಯಾಕಂದ್ರೆ ಕರ್ವ್ ನಂಬರ್ ಸೂತ್ರ ನೇರ ಗೆರೆ ಅಲ್ಲ. ಕೈಯಲ್ಲೇ ಲೆಕ್ಕ ಹಾಕಿ ನೋಡಿ: ಕರ್ವ್ ನಂಬರ್ 70 ಇಟ್ಕೊಳ್ಳಿ, ಒಂದು ದಿನಕ್ಕೆ 100 ಮಿಮೀ ಬಿದ್ರೆ ಹರಿದು ಹೋಗೋದು ಸುಮಾರು 33 ಮಿಮೀ. 50 ಮಿಮೀ ಬಿದ್ರೆ ಬರೀ 6 ಮಿಮೀ, ಅರ್ಧ ಆಗಲ್ಲ. ಈಗ ನಿಜದಲ್ಲಿ ಅರ್ಧ ಜಾಗಕ್ಕೆ 100 ಬಿದ್ದು ಇನ್ನರ್ಧ ಒಣಗಿತ್ತು ಅಂದ್ರೆ ಸರಾಸರಿ ಹರಿವು 16 ಚಿಲ್ಲರೆ. ಗ್ರಿಡ್ಡು ಎಲ್ಲ ಕಡೆ 50 ಅಂತ ಕೊಟ್ಟಿದ್ದಕ್ಕೆ ಮಾಡೆಲ್ ಕೊಡೋದು 6. ನೆಲ ಆಗಲೇ ನೆನೆದಿದ್ರೆ ಸ್ವಾಟ್ ತಾನೇ ದಿನದಿನಕ್ಕೆ ಆ ನಂಬರ್ ಏರಿಸ್ಕೊಳ್ಳುತ್ತೆ ನಿಜ, ಆದ್ರೂ ಈ ಕೊರತೆ ಪೂರ್ತಿ ತುಂಬಲ್ಲ. ನೀವು 85 ಮಾಡಿದಾಗ ಅದೇ 50 ಮಿಮೀಗೆ ಸುಮಾರು 20 ಬರುತ್ತೆ, ಅದಕ್ಕೇ ಸರಿಹೋದಂಗೆ ಕಂಡಿದ್ದು.

ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು ಗ್ರಾಮ ಪಂಚಾಯ್ತಿ ಮಟ್ಟದ ಮಳೆ ಮಾಪಕ ಇದಾವಲ್ಲ, ಮೊದಲು ಅದನ್ನ ಹಾಕಿ ಓಡಿಸಿ. ಕರ್ವ್ ನಂಬರ್ ಮುಟ್ಟಬೇಡಿ ಅಲ್ಲಿವರೆಗೆ.

ಕಟ್ಟೆಪುರಾಣ:

ನಮ್ ಕಾಲದಲ್ಲಿ ಮಾಡೆಲ್ ಅಂದ್ರೆ ಕೆಆರ್‌ಎಸ್ ಹತ್ರ ಇರೋ ಎಂಜಿನಿಯರಿಂಗ್ ರಿಸರ್ಚ್ ಸ್ಟೇಷನ್ನಲ್ಲಿ ಡ್ಯಾಮ್‌ನ ಚಿಕ್ಕದಾಗಿ ಕಟ್ಟಿ ನಿಜವಾದ ನೀರು ಬಿಟ್ಟು ನೋಡೋದು. 25ಕ್ಕೆ 1ರ ಅಳತೆಲಿ ಕಟ್ಟಿದ್ರೆ ಆ ಚಿಕ್ಕದರಲ್ಲಿ ಸೆಕೆಂಡಿಗೆ 1 ಲೀಟರ್ ಹರಿದ್ರೆ ನಿಜವಾದ ಡ್ಯಾಮಲ್ಲಿ 3125 ಲೀಟರ್ ಅಂತ ಲೆಕ್ಕ. ಕಣ್ಣಿಗೆ ಕಾಣ್ತಿತ್ತು. ಈಗಿನವ್ರು ಲ್ಯಾಪ್‌ಟಾಪಲ್ಲಿ ಮಳೆ ಸುರಿಸ್ತಾರೆ, ಹೊಳೆ ಹತ್ರ ಹೋಗೋರೇ ಇಲ್ಲ. ಮಾರ್ಚಲ್ಲಿ ಒಂದ್ಸಲ ಹೋಗಿ ನೋಡಿ ತಮ್ಮಾ, ಎಷ್ಟು ಮೋಟ್ರು ಕೂತಿರುತ್ತೆ ದಡದಲ್ಲಿ ಅಂತ.

ತೋಟದ_ಕೆಲಸ_ಮೂಡಿಗೆರೆ:

ಹಿರಿಯರು ಮೇಲೆ ಹೇಳಿದ್ದೇ ನಿಮ್ಮ ಮಾರ್ಚ್ ಉತ್ತರ ಮಾರಾಯ್ರೆ, ಮೋಟ್ರು. ನಮ್ಮ ಕಡೆ ರೋಬಸ್ಟಾ ಕಾಫಿ ಜಾಸ್ತಿ, ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಸರಿಯಾದ ಟೈಮಿಗೆ ಬರ್ಲಿಲ್ಲ ಅಂದ್ರೆ ಫೆಬ್ರವರಿ ಮಾರ್ಚಲ್ಲಿ ಜೆಟ್, ಅಂದ್ರೆ ಮೋಟ್ರಿಂದ ನೀರೆತ್ತಿ ಮಳೆ ಥರ ಚಿಮ್ಮಿಸೋ ಸ್ಪ್ರಿಂಕ್ಲರ್, ಹಾಕ್ಲೇಬೇಕು, ಇಲ್ಲಾಂದ್ರೆ ಮುಂದಿನ ವರ್ಷದ ಫಸಲು ಹೋಯ್ತು ಅಂತ ಲೆಕ್ಕ, ಆಮೇಲೆ ಸ್ವಲ್ಪ ದಿನ ಬಿಟ್ಟು ಬ್ಯಾಕಿಂಗ್ ಅಂತ ಎರಡನೇ ಸಲದ ನೀರು ಬೇರೆ ಕೊಡ್ಬೇಕು. ನೀರು ಎಲ್ಲಿಂದ? ತೋಟದ ಕೆರೆ ಇರೋರು ಕೆರೆಯಿಂದ, ಉಳಿದೋರು ಹಳ್ಳದಿಂದ ಹೊಳೆಯಿಂದ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಹತ್ರಹತ್ರ 1 ಲಕ್ಷ ಲೀಟರ್. ಒಂದು ದಿನದಲ್ಲಿ ಹೊಳೆ ಸಾಲಲ್ಲಿ ಎಲ್ಲ ಸೇರಿ 100 ಎಕರೆಗೆ ಜೆಟ್ ಓಡಿದ್ರೆ 1 ಕೋಟಿ ಲೀಟರ್ ಆಯ್ತು, ಅಂದ್ರೆ ಹಗಲೂ ರಾತ್ರಿ ಸೆಕೆಂಡಿಗೆ ಸುಮಾರು 120 ಲೀಟರ್ ಎತ್ತಿದ ಹಾಗೆ, ಆ ಟೈಮಲ್ಲಿ ಸಣ್ಣ ಹಳ್ಳದಲ್ಲಿ ಅಷ್ಟು ಹರಿಯೋದೇ ಇಲ್ಲ. ನಿಮ್ಮ ಮಾಡೆಲ್‌ಗೆ ಇದು ಯಾರು ಹೇಳಿದಾರೆ? ಯಾರೂ ಇಲ್ಲ. ಇನ್ನೊಂದು, ಸ್ಯಾಟಲೈಟ್ ಮ್ಯಾಪಲ್ಲಿ ನಮ್ಮ ತೋಟ ಎಲ್ಲ ಕಾಡು ಅಂತ ಬಂದಿರುತ್ತೆ, ಮೇಲೆ ನೆರಳು ಮರ ಇರುತ್ತಲ್ಲ. ಕಾಡಾದ್ರೆ ಯಾರು ನೀರು ಎತ್ತುತ್ತಾರೆ ಅಂತ ಅದೂ ಸುಮ್ನೆ ಇರುತ್ತೆ.

ಮಳೆ ಡೇಟಾ ಬೇಕು ಅಂದ್ರೆ ಗ್ರಿಡ್ ಗಿಡ್ ಬಿಡಿ, ಇಲ್ಲಿ ಹಳೇ ಎಸ್ಟೇಟ್‌ಗಳಲ್ಲಿ ಮಳೆ ಪುಸ್ತಕ ಇದಾವೆ, ತಾತನ ಕಾಲದಿಂದ ದಿನಾ ಬರೆದಿರ್ತಾರೆ. ನಮ್ಮಲ್ಲೂ ಇದೆ. ಇಂಚು ಸೆಂಟು ಲೆಕ್ಕ, 100 ಸೆಂಟು 1 ಇಂಚು, ನೀವು 25.4ರಿಂದ ಗುಣಿಸ್ಕೊಂಡ್ರೆ ಮಿಮೀ ಆಯ್ತು. ಬಂದು ಫೋಟೋ ಹೊಡ್ಕೊಂಡು ಹೋಗಿ, ಊಟ ಇಲ್ಲೇ.

ಲ್ಯಾಬ್_ಚಿಕ್ಕಮಗಳೂರು:

ನೀರಿನ ಗುಣಮಟ್ಟದ ಭಾಗ ಮಾಡ್ತೀನಿ ಅಂದ್ರಲ್ಲ ಅದಕ್ಕೆ ಬರೀತಿದೀನಿ. ಅಲ್ಲಿ ಮಾರ್ಚ್ ತಪ್ಪೇ ನಿಮ್ಮನ್ನ ಮುಳುಗಿಸೋದು, ಜುಲೈ ಅಲ್ಲ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯೋದು) ನಡೆಯೋದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ, ಹೊಳೆ ಇಳೀತಿರೋ ಟೈಮು. ಪಲ್ಪರ್ ನೀರಿನ ಬಿಒಡಿ (ಕೊಳಕು ಕೊಳೆಯೋವಾಗ ನೀರಿಂದ ಎಷ್ಟು ಆಕ್ಸಿಜನ್ ಎಳೆಯುತ್ತೆ ಅನ್ನೋ ಅಳತೆ) ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತೆ, ಸಂಸ್ಕರಣೆ ಮಾಡದೆ ಹಾಗೇ ಹಳ್ಳಕ್ಕೆ ಬಿಟ್ರೆ ಅನ್ನಿ. ಉದಾಹರಣೆಗೆ 5000 ಇಟ್ಕೊಳ್ಳಿ, ಸೆಕೆಂಡಿಗೆ 1 ಲೀಟರ್ ಬಂದು ಸೇರ್ತಿದೆ. ಹೊಳೆಲಿ 1000 ಲೀಟರ್ ಹರೀತಿದ್ರೆ ಏರೋದು ಸುಮಾರು 5 ಮಿಲಿಗ್ರಾಂ. ಅದೇ 50 ಲೀಟರ್ ಹರಿಯೋ ಹಳ್ಳ ಆದ್ರೆ 100ರ ಹತ್ರ. ಸ್ನಾನಕ್ಕೆ ಯೋಗ್ಯ ಅನ್ನೋಕೆ ಬಿಒಡಿ 3 ದಾಟಬಾರದು, ಮೀನಿಗೆ ಕರಗಿದ ಆಕ್ಸಿಜನ್ ಕನಿಷ್ಠ 4 ಬೇಕು, 25 ಡಿಗ್ರಿ ನೀರು ಎಷ್ಟೇ ಶುದ್ಧ ಇದ್ರೂ ಗಾಳಿಯಿಂದ ಹೀರೋದು 8 ಚಿಲ್ಲರೆ, ಅದೂ ನಮ್ಮ ಎತ್ತರಕ್ಕೆ ಇನ್ನೂ ಸ್ವಲ್ಪ ಕಮ್ಮಿ.

ಸ್ಟ್ರೀಟರ್ ಫೆಲ್ಪ್ಸ್ ಸೂತ್ರ ಓದಿರ್ತೀರಿ, 1925ರಲ್ಲಿ ಅಮೆರಿಕದ ಓಹಾಯೋ ನದಿಗೆ ಮಾಡಿದ್ದು, ಕೊಳಕು ಸೇರಿದ ಜಾಗದಲ್ಲಿ ಅಲ್ಲ, ಅಲ್ಲಿಂದ ಸ್ವಲ್ಪ ಕೆಳಗೆ ಹೋದ್ಮೇಲೆ ಆಕ್ಸಿಜನ್ ತಳ ಮುಟ್ಟುತ್ತೆ ಅಂತ ತೋರಿಸುತ್ತೆ. ಎಷ್ಟು ಕೆಳಗೆ ಅನ್ನೋದು ನೀರಿನ ವೇಗದ ಮೇಲೆ. ಆದ್ರೆ ನಮ್ಮ ಹೊಳೆ ಬೇಸಿಗೆಲಿ ಹರಿಯೋದಕ್ಕಿಂತ ಗುಂಡಿ ಗುಂಡಿಲಿ ನಿಂತಿರೋದೇ ಜಾಸ್ತಿ, ಮೀನೂ ಅಲ್ಲೇ ಉಳ್ಕೊಂಡಿರುತ್ತೆ. ಸೂತ್ರಕ್ಕೆ ಗುಂಡಿ ಗೊತ್ತಿಲ್ಲ, ಒಂದೊಂದು ಗುಂಡಿನೂ ಬೇರೆ ತುಂಡು ಅಂತ ಕತ್ತರಿಸಿ ಕೊಡ್ಬೇಕು.

ಮತ್ತೆ ನ್ಯಾಶ್ ನಂಬರ್ ನೋಡಿ ಖುಷಿ ಪಡ್ಬೇಡಿ. ಅದು ವ್ಯತ್ಯಾಸನ ವರ್ಗ ಮಾಡಿ ಕೂಡಿಸೋದು, ಮಳೆಗಾಲದ ದೊಡ್ಡ ಹರಿವು ಸರಿ ಇದ್ರೆ ಸಾಕು ನಂಬರ್ ಚೆನ್ನಾಗೇ ಬರುತ್ತೆ, ಬೇಸಿಗೆ ಹತ್ತು ಪಟ್ಟು ತಪ್ಪಿದ್ರೂ ಅದಕ್ಕೆ ಕಾಣಲ್ಲ. ಹರಿವಿನ ಲಾಗ್ (ಲಾಗರಿದಮ್) ತಗೊಂಡು ಅದೇ ನಂಬರ್ ಇನ್ನೊಂದ್ಸಲ ಹಾಕಿ, ಆಗ ಸಣ್ಣ ಹರಿವಿನ ತಪ್ಪಿಗೂ ತೂಕ ಬರುತ್ತೆ, ಬಣ್ಣ ಬಯಲಾಗುತ್ತೆ.

ಹೊಳೆಸಾಲು_ಹಾಸನ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಲಾಗ್ ಹಾಕಿ ನೋಡಿದೆ, ನಂಬರ್ ಸೊನ್ನೆಗಿಂತ ಕೆಳಗೆ ಹೋಯ್ತು 😐 ಅಂದ್ರೆ ಬರೀ ಸರಾಸರಿ ಗೆರೆ ಎಳೆದಿದ್ರೂ ಇದಕ್ಕಿಂತ ವಾಸಿ. ಕರ್ವ್ ನಂಬರ್ ವಾಪಸ್ 70ಕ್ಕೆ ತಂದಿದೀನಿ. ಜೆಟ್ ನೀರನ್ನ ಸ್ವಾಟ್‌ನಲ್ಲಿ ತಿಂಗಳ ಲೆಕ್ಕದಲ್ಲಿ ನೀರೆತ್ತುವಿಕೆ ಅಂತ ಕೊಡೋಕೆ ಜಾಗ ಇದೆ, ಫೆಬ್ರವರಿ ಮಾರ್ಚಿಗೆ ಹಾಕ್ತೀನಿ, ಎಷ್ಟು ಎಕರೆ ಅನ್ನೋದು ತೋಟದೋರನ್ನ ಕೇಳಿ. ಮೂಡಿಗೆರೆ ಸರ್, ಒಂದು ಡೌಟು, ನಿಮ್ಮ ಪುಸ್ತಕದಲ್ಲಿ ಯಾವ ಹೊತ್ತಿಗೆ ಅಳೀತಾರೆ? ಹವಾಮಾನ ಇಲಾಖೆದು ಬೆಳಗ್ಗೆ 8.30ರ ಲೆಕ್ಕ, ಆ ದಿನದ ತಾರೀಖಲ್ಲಿ ಇರೋ ಮಳೆ ಹೆಚ್ಚುಪಾಲು ಹಿಂದಿನ ದಿನ ಬಿದ್ದಿದ್ದು. ಒಂದು ದಿನ ಆಚೀಚೆ ಆದ್ರೆ ಪೀಕ್ ಎಲ್ಲ ತಪ್ಪಿ ಕೂರುತ್ತೆ.

ತೋಟದ_ಕೆಲಸ_ಮೂಡಿಗೆರೆ:

ಬೆಳಗ್ಗೆ ಆಳು ಹಾಜರಿ ತಗೊಳ್ಳೋಕೆ ಮುಂಚೆ ರೈಟರ್ (ತೋಟದ ಲೆಕ್ಕ ಬರೆಯೋನು) ಅಳೆಯೋದು, 7.30 ಅಂತ ಇಟ್ಕೊಳ್ಳಿ. ನಮ್ಮಲ್ಲಿ ಹಿಂದಿನ ದಿನದ ಕಾಲಮ್ಮಲ್ಲಿ ಬರೀತಾರೆ, ಪಕ್ಕದ ಎಸ್ಟೇಟಲ್ಲಿ ಅವತ್ತಿನ ದಿನಕ್ಕೇ ಬರೀತಾರೆ, ಹಾಗಾಗಿ ಎರಡೂ ತಗೊಂಡ್ರೆ ಮೊದಲು ಕೇಳ್ಕೊಂಡು ತಗೊಳ್ಳಿ. ಇನ್ನೊಂದು ಗಮನಿಸಿ, ಭಾನುವಾರ ರೈಟರ್ ರಜೆ, ಕೆಲವು ವರ್ಷಗಳಲ್ಲಿ ಭಾನುವಾರ ಅಳೆದಿರಲ್ಲ, ಸೋಮವಾರ ಎರಡೂ ದಿನದ್ದು ಸೇರಿಸಿ ಬರೆದಿರ್ತಾರೆ. ಬೇಲೂರಿನೋರ ಲೆಕ್ಕದ ಪ್ರಕಾರ ದಿನಕ್ಕೆ 50 ಮಿಮೀ ಹಾಗೆ ಎರಡು ದಿನ ಬಿದ್ದಿದ್ದು ಒಂದೇ ದಿನ 100 ಅಂತ ಓದಿದ್ರೆ ನಿಮ್ಮ ಹೊಳೆ ಸೋಮವಾರ ಸುಮ್ಸುಮ್ನೆ ಉಕ್ಕುತ್ತೆ. ಭಾನುವಾರದ ಜಾಗದಲ್ಲಿ ಸೊನ್ನೆ ಬರೆದಿದ್ರೆ ನಿಜವಾಗ್ಲೂ ಮಳೆ ಇಲ್ಲ, ಅಡ್ಡಗೆರೆ ಎಳೆದಿದ್ರೆ ಅಳೆದಿಲ್ಲ ಅಂತ ಅರ್ಥ.